ನಾಟಕದ ಸಾಮಾನು ಹೊತ್ತ ಬಾಡಿಗೆ ಗಾಡಿ: ಶಿರಸಿಯಿಂದ ಕಾರವಾರದವರೆಗೆ

ಮಕ್ಕಳ ನಾಟಕ ತಂಡದೊಡನೆ ಹನ್ನೊಂದು ದಿನ ಶಿರಸಿ, ಕುಮಟಾ, ಅಂಕೋಲಾ, ಕಾರವಾರದ ಶಾಲೆಗಳನ್ನು ಸುತ್ತಿ ಬಂದಿದ್ದೇನೆ. ನಮಗೆ ವಾಹನ ಒದಗಿಸಿದ್ದು ಶಿರಸಿಯ ಒಂದು ಸಣ್ಣ ಬಾಡಿಗೆ ಸೇವೆ. ಬೆಳಿಗ್ಗೆ ಒಂದು ಶಾಲೆಯಲ್ಲಿ, ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಇನ್ನೊಂದರಲ್ಲಿ ಪ್ರದರ್ಶನ ಕೊಡುವ ತಂಡಕ್ಕೆ ಗಾಡಿಯೇ ಉಗ್ರಾಣ, ಎಷ್ಟೋ ಸಲ ಗಾಡಿಯೇ ಬಣ್ಣದ ಮನೆ. ಆದ್ದರಿಂದ ಇಂಥ ತಂಡಗಳಿಗೆ ಉಪಯೋಗವಾಗಲೆಂದು ನಮ್ಮ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾವು ಒಂಬತ್ತು ಜನ. ಪಡೆದದ್ದು ಹದಿನೇಳು ಆಸನಗಳ ಟೆಂಪೋ ಟ್ರಾವೆಲರ್. ಟ್ರಂಕುಗಳಿಗೆ ಜಾಗ ಬೇಕೆಂದಾಗ ಮಾಲೀಕರು ಹಿಂದಿನ ದಿನವೇ ಕೊನೆಯ ಸಾಲಿನ ಸೀಟನ್ನು ಬಿಚ್ಚಿಸಿಟ್ಟಿದ್ದರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಬಿದಿರಿನ ಚೌಕಟ್ಟು, ಹಿಂಪರದೆಯ ಸುರುಳಿ, ಬೆಳಕಿನ ಸ್ಟ್ಯಾಂಡುಗಳು ತಾಡಪತ್ರಿಯಡಿ ಮೇಲಿನ ಕ್ಯಾರಿಯರ್ ಸೇರಿದವು.

ನಮ್ಮನ್ನು ಕಾಡಿದ್ದು ಮುಖವಾಡಗಳು. ಹಳೆಯ ಪತ್ರಿಕೆ ಮತ್ತು ಮೈದಾ ಅಂಟಿನಿಂದ ಮಾಡಿದ ಅವು ಶಿರಸಿಯಲ್ಲಿ ಗಟ್ಟಿಯಾಗಿಯೇ ಇದ್ದವು. ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಕರಾವಳಿಯ ತೇವಕ್ಕೆ ಆನೆಯ ಸೊಂಡಿಲು ಮೆತ್ತಗಾಗಿ ಬಾಗಿತು. ಆಟಕ್ಕೆ ಎರಡು ಗಂಟೆ ಉಳಿದಿತ್ತು. ಚಾಲಕರು ತಮ್ಮ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಆನೆಯನ್ನು ಮಲಗಿಸಿ, ಶಾಲೆ ಮುಟ್ಟುವವರೆಗೂ ಒಂದು ಕೈಯಿಂದ ಆಗಾಗ ಮಗ್ಗುಲು ಬದಲಿಸುತ್ತ ಬಂದರು. "ಮಾಸ್ತರ್ರೇ, ಒಣಗಿತು ನೋಡಿ" ಎಂದು ಅವರು ಕೊಟ್ಟಾಗ ಸೊಂಡಿಲು ನೆಟ್ಟಗಾಗಿತ್ತು. ಅಂದಿನಿಂದ ಮುಖವಾಡಗಳು ಕ್ಯಾರಿಯರ್ ಏರಲಿಲ್ಲ. ಕಿಟಕಿಯ ಸರಳಿನಿಂದ ಸರಳಿಗೆ ಕಟ್ಟಿದ ದಾರದಲ್ಲಿ ಒಳಗೇ ತೂಗಿದವು.

ಘಟ್ಟದ ತಿರುವುಗಳಲ್ಲಿ ಅವರು ಒಮ್ಮೆಯೂ ಅವಸರ ಮಾಡಲಿಲ್ಲ. ವಾಂತಿಯಾಗುವ ಇಬ್ಬರನ್ನು ತಾವಾಗಿಯೇ ಮುಂದೆ ಕೂರಿಸಿಕೊಂಡರು. ಶಾಲೆಯ ಅಂಗಳದಲ್ಲಿ ಮಕ್ಕಳು ಗಾಡಿಯನ್ನು ಮುತ್ತಿಕೊಂಡಾಗ, ಎಲ್ಲರೂ ಬದಿಗೆ ಸರಿಯುವವರೆಗೆ ರಿವರ್ಸ್ ತೆಗೆದುಕೊಳ್ಳುತ್ತಿರಲಿಲ್ಲ. ಮಕ್ಕಳ ನಾಟಕಕ್ಕೆ ಗಾಡಿ ಓಡಿಸುವವರಲ್ಲಿ ನಾನು ಮೊದಲು ನೋಡುವುದು ಈ ತಾಳ್ಮೆಯನ್ನು.

ದೂರುಗಳೂ ಇವೆ. ಗಾಡಿ ಎಷ್ಟೇ ಕಡಿಮೆ ಓಡಿದರೂ ಬಾಡಿಗೆಯ ಲೆಕ್ಕ ದಿನಕ್ಕೆ ಕನಿಷ್ಠ 250 ಕಿಲೋಮೀಟರ್. ಪ್ರವಾಸ ಹೋಗುವವರಿಗೆ ಅದು ಸರಿಹೋಗಬಹುದು. ಕಾರವಾರದ ಸುತ್ತ ದಿನಕ್ಕೆ 40 ಕಿಲೋಮೀಟರ್ ಕೂಡ ಓಡದ ನಮಗೆ, ಪ್ರವೇಶ ಶುಲ್ಕವಿಲ್ಲದೆ ಸರ್ಕಾರಿ ಶಾಲೆಗಳಲ್ಲಿ ಆಡುವ ನಮ್ಮಂಥವರಿಗೆ, ಅದು ನಿಜಕ್ಕೂ ಭಾರ. ಚಾಲಕರ ರಾತ್ರಿ ಭತ್ಯೆ ಬೇರೆ ಎಂಬುದು ಕೊನೆಯ ಬಿಲ್ಲಿನಲ್ಲಿಯೇ ತಿಳಿಯಿತು. ಆ ಹಣ ಅವರಿಗೆ ಸಲ್ಲಲೇಬೇಕು, ಆದರೆ ಮೊದಲೇ ಹೇಳಬೇಕಿತ್ತು. ಹಿಂಬಾಗಿಲಿನ ಚಿಲಕ ಸಡಿಲವಾಗಿದ್ದು, ಅಂಕೋಲಾದಿಂದ ಮುಂದೆ ತೆಂಗಿನ ನಾರಿನ ಹಗ್ಗ ಕಟ್ಟಿಕೊಂಡೇ ಸಾಗಿದೆವು.

ಬಾಡಿಗೆ ಮಾತಾಡುವಾಗ ಕಿಲೋಮೀಟರಿನ ಬದಲು ದಿನದ ಲೆಕ್ಕ ಕೇಳಿರಿ, ಭತ್ಯೆಯನ್ನು ಬರೆಸಿಕೊಳ್ಳಿರಿ, ಹಿಂಬಾಗಿಲನ್ನು ತೆರೆದು ಮುಚ್ಚಿ ನೋಡಿರಿ. ಮುಂದಿನ ನವೆಂಬರ್ ತಿರುಗಾಟಕ್ಕೂ ನಾವು ಇದೇ ಗಾಡಿಯನ್ನು ಕೇಳಿದ್ದೇವೆ, ಇದೇ ಚಾಲಕರು ಬರಬೇಕೆಂಬ ಷರತ್ತಿನೊಂದಿಗೆ.