ಕ್ರಿಟರ್ಸ್: ಬೇರೆಯವರ ಕಥೆ ತಿದ್ದುತ್ತಾ ಕೈ ಪಳಗುವ ಜಾಗ

ಕ್ರಿಟರ್ಸ್ ಎಂಬ ಆನ್‌ಲೈನ್ ಕಥಾ ಕಮ್ಮಟಕ್ಕೆ ಸೇರುವವರೆಲ್ಲ ತಮ್ಮ ಕಥೆಯ ಬಗ್ಗೆ ಯಾರಾದರೂ ನಾಲ್ಕು ಮಾತು ಹೇಳಲಿ ಅಂತಲೇ ಸೇರುತ್ತಾರೆ. ಆ ನಾಲ್ಕು ಮಾತು ಸಿಗುತ್ತವೆ ಕೂಡ. ಆದರೆ ಅಲ್ಲಿನ ದೊಡ್ಡ ಲಾಭ ಅದಲ್ಲ. ವಾರ ವಾರ ಬೇರೆಯವರ ಅರೆಬೆಂದ ಕಥೆ ಓದಿ, ಎಲ್ಲಿ ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ಬಿಡಿಸಿ ಬರೆಯಬೇಕಲ್ಲ, ಕೈ ಪಳಗುವುದು ಅಲ್ಲಿ.

1995ರಲ್ಲಿ ಆಂಡ್ರ್ಯೂ ಬರ್ಟ್ ಶುರು ಮಾಡಿದ ಈ ಆನ್‌ಲೈನ್ ಕಮ್ಮಟಕ್ಕೆ ಶುಲ್ಕವಿಲ್ಲ. ವೈಜ್ಞಾನಿಕ ಕಥೆ, ಫ್ಯಾಂಟಸಿ, ಹಾರರ್ ಇಷ್ಟಕ್ಕೇ ಮೀಸಲು, ಅದೂ ಇಂಗ್ಲಿಷಿನಲ್ಲಿ. ವಾರಕ್ಕೊಂದು ಕಂತು ಹಸ್ತಪ್ರತಿಗಳು ಬರುತ್ತವೆ. ಸದಸ್ಯರು ತಮಗೆ ಬೇಕಾದ್ದನ್ನು ಆರಿಸಿಕೊಂಡು ವಿಮರ್ಶೆ ಬರೆಯಬೇಕು. ಹಾಜರಿ ಕನಿಷ್ಠ ಶೇ. 75, ಅಂದರೆ ನಾಲ್ಕು ವಾರಕ್ಕೆ ಮೂರು ವಿಮರ್ಶೆ. ವಿಮರ್ಶೆ 200 ಪದಗಳಿಗೆ ಕಡಿಮೆ ಇರಬಾರದು. ಹಾಜರಿ ಕುಸಿದರೆ, ಬಾಕಿ ತೀರಿಸುವ ತನಕ ನಿಮ್ಮ ಕಥೆ ಓದುಗರ ಕೈಗೆ ಹೋಗುವುದಿಲ್ಲ.

ಈ 200 ಪದದ ನಿಯಮವೇ ಇಡೀ ವ್ಯವಸ್ಥೆಯ ಜೀವ. ‘ಚೆನ್ನಾಗಿದೆ, ಕೊನೆ ಸ್ವಲ್ಪ ಅವಸರವಾಯಿತು’ ಅಂದರೆ ನಾಲ್ಕೇ ಪದಕ್ಕೆ ಮಾತು ಮುಗಿಯಿತು. ಮುಂದಕ್ಕೆ ಹೋಗಬೇಕಾದರೆ ಅವಸರ ಅನ್ನಿಸಿದ್ದು ಯಾವ ಪುಟದಲ್ಲಿ, ಯಾವ ಘಟನೆ ಬಿಟ್ಟುಹೋಗಿದೆ ಅಂತ ಹುಡುಕಲೇಬೇಕು. ಹಾಗೆ ಹುಡುಕುವಾಗ ಒಂದು ಸಂಗತಿ ಗೊತ್ತಾಗುತ್ತದೆ: ನೋವು ಕಾಣುವ ಜಾಗ ಒಂದು, ಗಾಯ ಇರುವ ಜಾಗ ಇನ್ನೊಂದು. ಒಂಬತ್ತನೇ ಪುಟದಲ್ಲಿ ನಾಯಕಿ ಮನೆ ಬಿಟ್ಟು ಹೋಗುವುದು ನಂಬಿಕೆ ಹುಟ್ಟಿಸದಿದ್ದರೆ, ತಪ್ಪು ಬಹುಪಾಲು ಒಂಬತ್ತರಲ್ಲಿ ಇರುವುದಿಲ್ಲ. ಅವಳ ಸಾಲದ ವಿಷಯ ಮೂರನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಜಾರಿಹೋಗಿರುತ್ತದೆ. ಸ್ವಂತ ಕಥೆಯಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಆ ಸಾಲದ ಭಾರ ಬರೆದವರ ತಲೆಯಲ್ಲಿ ಪೂರ್ತಿ ಇರುತ್ತದೆ. ಬೇರೆಯವರ ಕಥೆಯಲ್ಲಿ ನಮ್ಮ ಕೈಯಲ್ಲಿರುವುದು ಪುಟದ ಮೇಲಿನ ಅಕ್ಷರ ಮಾತ್ರ.

ವಾಕ್ಯದ ಮಟ್ಟದಲ್ಲೂ ಹೀಗೆಯೇ. ‘ಬಾಗಿಲು ತೆರೆದಾಗ ಅವನಿಗೆ ಭಯವಾಯಿತು. ಒಳಗೆ ಯಾರೋ ಇದ್ದಂತೆ ಅನ್ನಿಸಿತು’ ಎಂಬ ಆರಂಭ ಬಂತು ಅಂತಿಟ್ಟುಕೊಳ್ಳಿ. ‘ಭಯ ಹುಟ್ಟುವುದಿಲ್ಲ’ ಅಂತ ಬರೆದರೆ ಕಥೆ ಬರೆದವರಿಗೆ ಏನೂ ಸಿಗದು. ‘ಭಯ ಮೊದಲು ಬಂತು, ಕಾರಣ ಆಮೇಲೆ ಬಂತು, ಅದೂ ಅನ್ನಿಸಿಕೆಯಾಗಿ ಬಂತು, ಕಣ್ಣಿಗೆ ಕಾಣುವ ವಸ್ತುವಾಗಿ ಅಲ್ಲ’ ಅಂತ ಬರೆದರೆ ದಾರಿ ತೆರೆಯುತ್ತದೆ. ‘ಬಾಗಿಲು ತೆರೆದ. ಬೆಳಿಗ್ಗೆ ಆರಿಸಿ ಹೋಗಿದ್ದ ದೀಪ ಉರಿಯುತ್ತಿತ್ತು’ ಅಂದಾಗ ಭಯ ಎಂಬ ಪದವೇ ಬೇಡವಾಗುತ್ತದೆ. ಇಂಥ ಒಂದು ಟಿಪ್ಪಣಿ ಬರೆದವರು ತಮ್ಮ ಮುಂದಿನ ಕಥೆಯಲ್ಲಿ ‘ಭಯವಾಯಿತು’ ಅಂತ ಬರೆಯುವಾಗ ಕೈ ತಾನಾಗಿ ನಿಲ್ಲುತ್ತದೆ.

ಕೆಲಸ ಹೀಗೆ ಮಾಡಿದರೆ ಫಲ ಜಾಸ್ತಿ. ಮೊದಲ ಓದಿನಲ್ಲಿ ಏನೂ ತಿದ್ದಬೇಡಿ. ಗಮನ ಜಾರಿದ ಜಾಗಕ್ಕೆ, ಹಿಂದಿನ ಪುಟಕ್ಕೆ ಮರಳಬೇಕಾದ ಜಾಗಕ್ಕೆ ಒಂದು ಗೀಟು ಹಾಕಿದರೆ ಸಾಕು. ಒಂದು ರಾತ್ರಿ ಬಿಟ್ಟು ಎರಡನೇ ಸಲ ಓದುವಾಗ ಆ ಗೀಟುಗಳ ಕಾರಣ ಹುಡುಕಿ. ವಿಮರ್ಶೆಯ ಮೊದಲ ಎರಡು ವಾಕ್ಯದಲ್ಲಿ ಕಥೆ ನಿಮಗೆ ಅರ್ಥವಾದಂತೆ ಹೇಳಿ. ಬರೆದವರ ಮನಸ್ಸಿನಲ್ಲಿದ್ದ ಕಥೆಯೂ ನೀವು ಹೇಳಿದ ಕಥೆಯೂ ಬೇರೆ ಬೇರೆಯಾಗಿದ್ದರೆ ಅದಕ್ಕಿಂತ ದೊಡ್ಡ ಸುದ್ದಿ ಅವರಿಗೆ ಇನ್ನೊಂದಿಲ್ಲ. ಆಮೇಲೆ ಗಟ್ಟಿಯಾಗಿ ನಿಂತ ಒಂದು ದೃಶ್ಯ, ಯಾಕೆ ನಿಂತಿತು ಎಂಬುದರ ಸಮೇತ. ಹೊಗಳಿಕೆಗೂ ಕಾರಣ ಕೊಡಬೇಕು. ಇದು ದೋಷ ಹುಡುಕುವುದಕ್ಕಿಂತ ಕಷ್ಟ, ಕಲಿಸುವುದೂ ಹೆಚ್ಚು. ಮುಖ್ಯ ತೊಡಕು ಒಂದೋ ಎರಡೋ ಸಾಕು. ಕಾಗುಣಿತದ ತಪ್ಪು ಪದೇ ಪದೇ ಬರುವಂಥದ್ದಾದರೆ ಮಾತ್ರ ಹೇಳಿ.

ಎಡವುವ ಜಾಗಗಳೂ ಇವೆ. ಕಥಾಸಾರಾಂಶ ತುಂಬಿಸಿ 200 ಪದ ಮಾಡುವವರು ಇದ್ದಾರೆ. ಲೆಕ್ಕ ಸರಿಹೋಗುತ್ತದೆ, ಯಾರಿಗೂ ಉಪಯೋಗವಿಲ್ಲ. ಅದಕ್ಕಿಂತ ಕೆಟ್ಟದ್ದು, ಅವರ ಕಥೆಯನ್ನು ನಮ್ಮ ಕಥೆ ಮಾಡಿಬಿಡುವುದು. ‘ನಾಯಕ ಸಾಯಬೇಕಿತ್ತು’ ಅನ್ನುವುದು ವಿಮರ್ಶೆಯಲ್ಲ. ‘ಸಾಯುತ್ತಾನೆ ಎಂಬ ನಿರೀಕ್ಷೆ ಐದನೇ ಪುಟದಲ್ಲಿ ಹುಟ್ಟಿತು, ಅದಕ್ಕೆ ಉತ್ತರ ಸಿಗಲಿಲ್ಲ’ ಅನ್ನುವುದು ವಿಮರ್ಶೆ. ಮಾತಿನ ಸೌಜನ್ಯದ ಬಗ್ಗೆ ಕ್ರಿಟರ್ಸ್ ಕಟ್ಟುನಿಟ್ಟು: ಅಭಿಪ್ರಾಯವನ್ನು ಅಭಿಪ್ರಾಯವಾಗಿಯೇ ಹೇಳಬೇಕು, ತೀರ್ಪಾಗಿ ಅಲ್ಲ. ಇದು ಬರಿಯ ಮರ್ಯಾದೆಯ ಮಾತಲ್ಲ. ‘ನನಗೆ ಇಲ್ಲಿ ಗೊಂದಲವಾಯಿತು’ ಎಂಬುದನ್ನು ಯಾರೂ ಅಲ್ಲಗಳೆಯಲಾರರು; ‘ಇಲ್ಲಿ ಗೊಂದಲವಿದೆ’ ಅಂದರೆ ವಾದ ಶುರುವಾಗುತ್ತದೆ.

1956ರಲ್ಲಿ ವೈಜ್ಞಾನಿಕ ಕಥೆಗಾರ ಡೇಮನ್ ನೈಟ್ ಮುಂತಾದವರು ಅಮೆರಿಕದ ಮಿಲ್‌ಫರ್ಡ್‌ನಲ್ಲಿ ಆರಂಭಿಸಿದ ಕಮ್ಮಟದ ಪದ್ಧತಿಯಲ್ಲಿ ಲೇಖಕರೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಕಥೆ ಬರೆದವರು ಕೊನೆಯ ತನಕ ಬಾಯಿ ಬಿಡುವಂತಿಲ್ಲ. ಅಲ್ಲಿ ಎದುರಾಗುವ ತೊಂದರೆ, ಮೊದಲು ಮಾತಾಡಿದವರ ಅಭಿಪ್ರಾಯ ಉಳಿದವರಿಗೂ ಅಂಟಿಕೊಳ್ಳುವುದು. ಕ್ರಿಟರ್ಸ್‌ನಲ್ಲಿ ಒಬ್ಬೊಬ್ಬರೂ ತಮ್ಮ ಪಾಡಿಗೆ ಕೂತು ಬರೆಯುವುದರಿಂದ ಅದು ಕಡಿಮೆ.

ಕೊರತೆಗಳನ್ನೂ ಹೇಳಬೇಕು. ತಾಣದ ರೂಪ ತೀರಾ ಹಳೆಯದು, ನಿಯಮಗಳ ಪುಟಗಳು ಉದ್ದ. ಕಥೆ ಸರದಿಗೆ ಬರಲು ವಾರಗಟ್ಟಲೆ ಕಾಯಬೇಕು; ಆ ವಾರ ಅತಿ ಹೆಚ್ಚು ವಿಮರ್ಶೆ ಬರೆದವರಿಗೆ ಸರತಿಯಲ್ಲಿ ಮುಂದೆ ಹೋಗುವ ಅವಕಾಶ ಇದೆ. ಬರುವ ವಿಮರ್ಶೆಗಳ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಕಾದಂಬರಿಯ ಬಿಡಿ ಅಧ್ಯಾಯ ಹಾಕಿದರೆ ಹಿಂದುಮುಂದು ಗೊತ್ತಿಲ್ಲದವರು ಓದುತ್ತಾರೆ. ಅದಕ್ಕೆ ಪೂರ್ತಿ ಓದುವವರನ್ನು ಬೇರೆಯಾಗಿ ಕೇಳಿಕೊಳ್ಳುವ ವ್ಯವಸ್ಥೆ ಇದೆ, ಅದನ್ನೇ ಬಳಸುವುದು ವಾಸಿ. ಇಂಗ್ಲಿಷಿನಲ್ಲಿ ಬರೆಯದವರು ನಾಲ್ಕೈದು ಜನ ಸೇರಿ ಇದೇ ಎರಡು ನಿಯಮ, ಹಾಜರಿ ಮತ್ತು 200 ಪದ, ಇಟ್ಟುಕೊಂಡರೂ ನಡೆಯುತ್ತದೆ.

ಕಥೆ ಆರಿಸುವಾಗ ತೀರಾ ಚೆನ್ನಾಗಿರುವುದನ್ನೇ ಹುಡುಕಬೇಡಿ. ಮುಕ್ಕಾಲು ನಿಂತು ಕಾಲು ಭಾಗ ಕುಸಿದ ಕಥೆಯಲ್ಲಿ ಹೊಲಿಗೆ ಕಾಣುತ್ತದೆ. ಹತ್ತು ವಿಮರ್ಶೆ ಆದ ಮೇಲೆ ಅವನ್ನೆಲ್ಲ ಒಟ್ಟಿಗೆ ತೆರೆದು, ನೀವು ಮತ್ತೆ ಮತ್ತೆ ಮಾಡಿದ ಮೂರು ದೂರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಿಮ್ಮ ಹೊಸ ಕರಡನ್ನು ಕಳಿಸುವ ಮೊದಲು ಆ ಚೀಟಿ ಪಕ್ಕದಲ್ಲಿಟ್ಟುಕೊಂಡು ಒಂದು ಸಲ ಓದಿ.