ಮೃದಂಗಕ್ಕೂ ಕೂಗುವ ವಾಚು: ಹದಿನಾಲ್ಕು ತಿಂಗಳ ಬಳಕೆಯ ನಂತರ

ಹದಿನಾರು ವರ್ಷದ ನಮ್ಮ ಮಗನಿಗೆ ಮೂರ್ಛೆರೋಗವಿದೆ. ಅಮೆರಿಕದಲ್ಲಿರುವ ಭಾವಮೈದುನನಿಂದ ತರಿಸಿದ ಈ ವಾಚು, ಕೈಯ ಅದುರುವಿಕೆಯನ್ನೂ ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆಯಲ್ಲಾಗುವ ಏರಿಕೆಯನ್ನೂ ಗಮನಿಸುತ್ತ, ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್ ಎನ್ನಿಸಿದಾಗ ನಮ್ಮ ಫೋನುಗಳಿಗೆ ಕರೆ ಮಾಡುತ್ತದೆ.

ನನ್ನ ತಕರಾರೆಲ್ಲ ಮೃದಂಗದ್ದು. ಸಂಜೆ ಅವನು ಅಭ್ಯಾಸಕ್ಕೆ ಕುಳಿತು ಮೂರನೆಯ ಕಾಲಕ್ಕೆ ಏರಿದನೆಂದರೆ ಅಡುಗೆಮನೆಯಲ್ಲಿ ಹೆಂಡತಿಯ ಫೋನೂ ಕಚೇರಿಯಲ್ಲಿ ನನ್ನ ಫೋನೂ ಒಟ್ಟಿಗೆ ಕೂಗುತ್ತಿದ್ದವು. ಮೊದಲ ತಿಂಗಳು ಎರಡು ಸಲ ಸ್ಕೂಟರ್ ಹತ್ತಿ ಓಡಿಬಂದೆ; ಎರಡು ಸಲವೂ ಮಗ ತಲೆಯೆತ್ತದೆ ಮುಕ್ತಾಯ ನುಡಿಸುತ್ತಿದ್ದ. ಅಮ್ಮನಿಗೆ ತೆಂಗಿನಕಾಯಿ ತುರಿದುಕೊಡಲು ಕುಳಿತರೂ ಇದೇ ಕಥೆ. ಆದರೆ ನಿದ್ದೆಗೆಟ್ಟ ರಾತ್ರಿಯ ಮರುಬೆಳಿಗ್ಗೆ, ಎದ್ದ ಸ್ವಲ್ಪ ಹೊತ್ತಿಗೇ ಅವನ ತೋಳು ಥಟ್ಟನೆ ಚಿಮ್ಮಿ ಕಾಫಿ ಲೋಟ ನೆಲಕ್ಕೆ ಬಿದ್ದಾಗ ವಾಚು ಕಮಕ್ ಕಿಮಕ್ ಎನ್ನುವುದಿಲ್ಲ. ಅವನ ಬಗೆಯ ಅಪಸ್ಮಾರದಲ್ಲಿ ನಾವು ಹೆದರುವುದು ಈ ಚಿಮ್ಮುವಿಕೆಗೇ, ಏಕೆಂದರೆ ಕೆಲವೊಮ್ಮೆ ಅದರ ಹಿಂದೆಯೇ ದೊಡ್ಡದು ಬರುತ್ತದೆ. ಅದನ್ನು ಇಂದಿಗೂ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುವವಳು ಅವನಮ್ಮ. ತಿಂಗಳ ಮಾತ್ರೆಗಳಿಗಿಂತ ವಾಚಿನ ಚಂದಾ ಹೆಚ್ಚು ಎಂಬುದನ್ನು ನೆನೆದಾಗ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಹೋದ ದೀಪಾವಳಿಯ ಮರುದಿನ ನಸುಕಿನಲ್ಲಿ ಮಹಡಿಯ ಕೋಣೆಯಲ್ಲಿ ಅವನೊಬ್ಬನೇ ಮಲಗಿದ್ದ. ಫೋನು ಕೂಗಿದಾಗ ಬೈದುಕೊಂಡೇ ಮೆಟ್ಟಿಲು ಹತ್ತಿದೆ. ಈ ಸಲ ನಿಜವಾಗಿತ್ತು. ಪಕ್ಕಕ್ಕೆ ಮಗ್ಗುಲಾಗಿಸಿ, ಬಾಯಿಗೆ ಏನನ್ನೂ ಇಡದೆ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆಂದು ಗಡಿಯಾರ ನೋಡುತ್ತ ಕುಳಿತೆ. ಎರಡು ನಿಮಿಷಕ್ಕೆ ನಿಂತಿತು. ಪಕ್ಕದ ಮನೆಯ ಅಜ್ಜಿ ಕಬ್ಬಿಣದ ಬೀಗದ ಕೈ ಹಿಡಿದು ಬಂದಿದ್ದರು, ಅವರಿಗೆ ಕಾಫಿ ಕೊಟ್ಟು ಕಳಿಸಿದೆವು. ಒಂಟಿಯಾಗಿ ಮಲಗುವವರಿಗೆ, ಕರೆ ಬಂದೊಡನೆ ಯಾರಾದರೂ ತಲುಪುವಂತಿದ್ದರೆ, ಇಂಥ ಸಾಧನ ಉಪಯುಕ್ತವೆಂದು ಅಪಸ್ಮಾರದ ಅಂತರರಾಷ್ಟ್ರೀಯ ವೈದ್ಯಸಂಘದ 2021ರ ಮಾರ್ಗಸೂಚಿಯೂ ಹೇಳುತ್ತದೆ; ನಮ್ಮ ವೈದ್ಯರು ಇದನ್ನು ಕೊಳ್ಳುವ ಮೊದಲೇ ತಿಳಿಸಿದ್ದರು.

ಕರೆಂಟು ಹೋದರೆ ವೈಫೈ ಹೋಗುತ್ತದೆ, ಅದರೊಂದಿಗೆ ಕರೆಯೂ. ಹಾಗಾಗಿ ರೂಟರನ್ನು ಯುಪಿಎಸ್‌ಗೆ ಹಾಕಿಸಿದ್ದೇನೆ. ಈ ವರ್ಷದ ಚಂದಾವನ್ನೂ ಕಟ್ಟಿದ್ದೇನೆ. ಈಗ ಅಭ್ಯಾಸದ ಹೊತ್ತಿಗೆ ವಾಚು ಕೈಯಿಂದ ಇಳಿದು ಚಾರ್ಜರಿಗೆ ಹೋಗುತ್ತದೆ. ಅಷ್ಟು ಹೊತ್ತೂ ಅವನಮ್ಮ ಎದುರಿಗೆ ಕುಳಿತು, ಹುರುಳಿಕಾಯಿ ನಾರು ತೆಗೆಯುತ್ತ, ತಪ್ಪಾಗಿ ತಾಳ ಹಾಕುತ್ತಾಳೆ.