ಎವನ್‌ಸ್ಟನ್‌ಗೆ ಆಟ ನೋಡಲು: ಕಾರು, ರೈಲು, ಬಸ್ಸು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಸ್ಸಿಗೆ.

ನಾನು ಓದುತ್ತಿರುವುದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಅರ್ಬಾನಾ-ಶಾಂಪೇನ್‌ನಲ್ಲಿ. ಊರು ದಾವಣಗೆರೆ. ಕಾಲೇಜ್ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ನಮ್ಮ ತಂಡ ಬೇರೆಯವರ ಅಂಗಳಕ್ಕೆ ಹೋಗಿ ಆಡುವ ಆಟಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿರುದ್ಧದ್ದು. ಅವರ ವೆಲ್ಶ್-ರಯನ್ ಅರೀನಾ ಇರುವುದು ಶಿಕಾಗೋದ ಉತ್ತರಕ್ಕೆ ಅಂಟಿಕೊಂಡ ಎವನ್‌ಸ್ಟನ್‌ನಲ್ಲಿ. ನಮ್ಮಿಂದ ಸುಮಾರು 150 ಮೈಲಿ. ಚಿಕ್ಕ ಅರೀನಾ, 7,039 ಸೀಟು ಅಷ್ಟೇ. ನಮ್ಮಲ್ಲಿ ಓದಿದವರು ಶಿಕಾಗೋದಲ್ಲಿ ತುಂಬಾ ಜನ ಇದ್ದಾರೆ, ಹಾಗಾಗಿ ಎತ್ತ ನೋಡಿದರೂ ನಮ್ಮ ತಂಡದ ಕಿತ್ತಳೆ ಬಣ್ಣ. ಒಂದು ಕಡೆಯವರು 'ಐ-ಎಲ್-ಎಲ್' ಅಂತ ಕೂಗಿದರೆ ಇನ್ನೊಂದು ಕಡೆಯಿಂದ 'ಐ-ಎನ್-ಐ' ಅಂತ ಬರುತ್ತದೆ, ಎರಡೂ ಸೇರಿದರೆ 'ಇಲೈನೈ', ನಮ್ಮ ತಂಡದ ಹೆಸರು. ಅಲ್ಲಿ ನಿಂತು ಆ ಕೂಗು ಕೇಳಲೇಬೇಕು.

ಮೂರು ಥರ ಹೋಗಿ ನೋಡಿದ್ದೇನೆ. ಹೋಗುವುದು ಯಾವುದರಲ್ಲೂ ಅಷ್ಟೇನೂ ಕಷ್ಟವಿಲ್ಲ. ದೊಡ್ಡ ತಾಪತ್ರಯ ವಾಪಸ್ ಬರುವುದರಲ್ಲಿ.

ಮೊದಲು ಕಾರು. 2024ರ ಜನವರಿ 24, ಬುಧವಾರ ರಾತ್ರಿಯ ಆಟ. ನಾಲ್ವರು ಸೇರಿ ಬಾಡಿಗೆಗೆ ಒಂದು ಕಾರು ತೆಗೆದುಕೊಂಡೆವು. ಓಡಿಸುವವನಿಗೆ 23 ವರ್ಷ. 25 ತುಂಬದವರು ಓಡಿಸಿದರೆ ಬಾಡಿಗೆಯವರು ದಿನಕ್ಕಿಷ್ಟು ಅಂತ ಜಾಸ್ತಿ ಹಾಕುತ್ತಾರೆ, ಅದು ನಮಗೆ ಗೊತ್ತಾದದ್ದು ಕೌಂಟರಿನಲ್ಲಿ. ಪೆಟ್ರೋಲು, ಪಾರ್ಕಿಂಗು ಎಲ್ಲ ಸೇರಿ ತಲೆಗೆ 46 ಡಾಲರ್ ಬಿತ್ತು. ಇರಲಿ, ದುಡ್ಡಿನದಲ್ಲ ನನ್ನ ಸಂಕಟ.

ಆಟ ಸಮಸಮ ನಡೆಯುತ್ತಿತ್ತು. ಗಡಿಯಾರದಲ್ಲಿ ಇನ್ನು ನಾಲ್ಕು ನಿಮಿಷ. ಬಾಸ್ಕೆಟ್‌ಬಾಲ್ ನೋಡುವವರಿಗೆ ಗೊತ್ತು, ಕೊನೆಯ ಎರಡು ನಿಮಿಷ ಮುಗಿಯಲು ಕಾಲು ಗಂಟೆ ಬೇಕು. ಫೌಲು, ಫ್ರೀ ಥ್ರೋ, ಟೈಮ್‌ಔಟ್, ಮತ್ತೆ ಫೌಲು, ಪ್ರತಿ ಸಲ ಗಡಿಯಾರ ನಿಲ್ಲುತ್ತದೆ. ನಮ್ಮ ಡ್ರೈವರ್ ಗೆಳೆಯ ಆಗಲೇ ಜಾಕೆಟ್ ಹಾಕಿಕೊಂಡು ಕೂತಿದ್ದ. ಬೆಳಿಗ್ಗೆ ಎಂಟಕ್ಕೆ ಅವನು ಲ್ಯಾಬ್ ತೆಗೆದುಕೊಳ್ಳಬೇಕು, ಎಲ್ಲರೂ ಒಟ್ಟಿಗೆ ಹೊರಬಿದ್ದರೆ ಪಾರ್ಕಿಂಗಿನಲ್ಲೇ ಅರ್ಧ ಗಂಟೆ, ಆಮೇಲೆ ಮೂರು ಗಂಟೆ ಕತ್ತಲಲ್ಲಿ ಐ-57 ರಸ್ತೆ, ಎರಡೂ ಕಡೆ ಬರೀ ಖಾಲಿ ಮೆಕ್ಕೆಜೋಳದ ಹೊಲ. ಅವನದೇನೂ ತಪ್ಪಿಲ್ಲ. ಹಿಂದೆ ಕೂತು ನಿದ್ದೆ ಮಾಡುವ ನಾನು ಅವನಿಗೆ 'ಇನ್ನೂ ಸ್ವಲ್ಪ ಹೊತ್ತು ಇರೋಣ ಮಾರಾಯ' ಅಂತ ಹೇಗೆ ಹೇಳಲಿ? ಎದ್ದೆವು.

ಕಾರಿನ ಬಾಗಿಲು ತೆಗೆಯುವಾಗ ಒಳಗಿನಿಂದ ಒಂದು ದೊಡ್ಡ ಗದ್ದಲ ಕೇಳಿಸಿತು. ಯಾರು ಬಾಲ್ ಹಾಕಿದರು ಅಂತ ಗೊತ್ತಾಗಲಿಲ್ಲ. ಅಂಕ ಸಮವಾಗಿ ಆಟ ಓವರ್‌ಟೈಮ್‌ಗೆ, ಅಂದರೆ ಹೆಚ್ಚುವರಿ ಅವಧಿಗೆ, ಹೋಯಿತು. ಲೇಕ್ ಶೋರ್ ಡ್ರೈವ್ ಮೇಲೆ ಒಬ್ಬರ ಫೋನಿನಲ್ಲಿ ನಾಲ್ವರೂ ಕಾಮೆಂಟರಿ ಕೇಳಿದೆವು. 96-91, ಸೋತೆವು. ಟಿಕೆಟ್ ಕೊಂಡು, ಅಷ್ಟು ದೂರ ಹೋಗಿ, ಆ ಆಟದ ಕೊನೆಯನ್ನು ನಾನು ಕಣ್ಣಾರೆ ನೋಡಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಕಾರಿನ ಒಂದು ಒಳ್ಳೆಯದು: ಆಟಕ್ಕೆ ಮುಂಚೆ ಶಿಕಾಗೋದಲ್ಲಿ ನಮ್ಮ ದೇಶದ ಅಂಗಡಿ, ಹೋಟೆಲುಗಳಿರುವ ಡೆವೊನ್ ಅವೆನ್ಯೂಗೆ ಹೋಗಿ ಬಿಸಿ ದೋಸೆ ತಿಂದೆವು. ಬೇರೆ ಯಾವುದರಲ್ಲೂ ಅದು ಆಗಲಿಲ್ಲ.

ರೈಲು ನನಗೆ ಇಷ್ಟ. ಶಾಂಪೇನ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಹತ್ತಿದರೆ ಮೂರು ಗಂಟೆಯೊಳಗೆ ಶಿಕಾಗೋದ ಯೂನಿಯನ್ ಸ್ಟೇಷನ್. ಅಲ್ಲಿಂದ ತುಂಬಾ ಜನ ಸಿಟಿ ರೈಲಿನ ರೆಡ್ ಲೈನ್ ಹಿಡಿದು ಹೊವರ್ಡ್‌ನಲ್ಲಿ ಇಳಿದು ಪರ್ಪಲ್ ಲೈನ್‌ಗೆ ಬದಲಾಯಿಸುತ್ತಾರೆ, ಸುಮ್ನೆ ಸುತ್ತು. ಎರಡು ಬ್ಲಾಕ್ ಉತ್ತರಕ್ಕೆ ನಡೆದರೆ ಓಗಿಲ್ವಿ ಸ್ಟೇಷನ್ ಸಿಗುತ್ತದೆ. ಅಲ್ಲಿ ಮೆಟ್ರಾ ಅನ್ನುವ ಉಪನಗರ ರೈಲಿನ ಯೂನಿಯನ್ ಪೆಸಿಫಿಕ್ ನಾರ್ತ್ ಲೈನ್ ಹತ್ತಿ ಎವನ್‌ಸ್ಟನ್ ಸೆಂಟ್ರಲ್ ಸ್ಟ್ರೀಟ್‌ನಲ್ಲಿ ಇಳಿಯಿರಿ, ಅರೀನಾಕ್ಕೆ ನಡೆದೇ ಹೋಗಬಹುದು.

ಆದರೆ ಶಾಂಪೇನ್‌ಗೆ ಕೊನೆಯ ರೈಲು ಹೊರಡುವುದು ರಾತ್ರಿ ಎಂಟರ ಆಸುಪಾಸಿನಲ್ಲಿ. ಗಂಡಸರ ತಂಡದ ವಾರದ ನಡುವಿನ ಆಟಗಳು ಆ ಹೊತ್ತಿಗೆ ಶುರುವಾಗಿಯೇ ಇರುವುದಿಲ್ಲ, ಶುರುವಾದರೂ ಮುಗಿದಿರುವುದಿಲ್ಲ. ನಾನು ರೈಲಿನಲ್ಲಿ ಹೋದದ್ದು ನಮ್ಮ ಹುಡುಗಿಯರ ತಂಡದ ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ. ದಾರಿಯಲ್ಲಿ ಸರಕು ರೈಲಿಗೆ ಜಾಗ ಬಿಟ್ಟು ನಿಂತು ತಡವಾಯಿತು, ಮೊದಲ ಕ್ವಾರ್ಟರ್ ತಪ್ಪಿತು. ಹೆಂಗಸರ ಆಟದಲ್ಲಿ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಹಾಗಾಗಿ ಉಳಿದ ಮೂರನ್ನು ಪೂರ್ತಿ ನೋಡಿದೆ. ಸಂಜೆ ಶಿಕಾಗೋದ ನದಿ ದಂಡೆಯಲ್ಲಿ ಓಡಾಡಿ, ಕಾಫಿ ಕುಡಿದು, ನಿಧಾನವಾಗಿ ರೈಲು ಹತ್ತಿದೆ. ಚೆನ್ನಾಗಿತ್ತು.

ಈಗ ಬಸ್ಸು. 2024ರ ಡಿಸೆಂಬರ್ 6, ಶುಕ್ರವಾರ. ವಿದ್ಯಾರ್ಥಿಗಳ ಗುಂಪೊಂದು ಬಸ್ಸು ಗೊತ್ತು ಮಾಡಿತ್ತು, ಸೀಟಿಗೆ 35 ಡಾಲರ್. ಹಿಂದಿನ ಮೂರು ಸಾಲಿನಲ್ಲಿ ಮಾತ್ರ ಕೂರಬೇಡಿ, ಟಾಯ್ಲೆಟ್ ಅಲ್ಲೇ ಇದೆ. ಮಧ್ಯಾಹ್ನದ ಕ್ಲಾಸೊಂದು ತಪ್ಪುತ್ತದೆ, ಅದೂ ಇದೆ.

ಅವತ್ತೂ ಓವರ್‌ಟೈಮ್! ಒಂದೇ ವರ್ಷದಲ್ಲಿ, ಅದೇ ಅರೀನಾದಲ್ಲಿ, ಎರಡನೇ ಸಲ. ಆದರೆ ಈ ಸಲ ಜಾಕೆಟ್ ಹಾಕಿಕೊಂಡು ಯಾರೂ ಕಾಯುತ್ತಿರಲಿಲ್ಲ. ಕೊನೆಯ ಬಜರ್ ಆಗುವವರೆಗೂ ನಿಂತೇ ನೋಡಿದೆ, ಗಂಟಲು ಹೋಗುವಷ್ಟು ಕೂಗಿದೆ. 70-66, ಮತ್ತೆ ಸೋತೆವು. ಹೊಟ್ಟೆ ಉರಿಯಿತು, ಆದರೂ ಪೂರ್ತಿ ನೋಡಿದೆನಲ್ಲ ಅನ್ನುವ ಸಮಾಧಾನ ಇತ್ತು.

ಹೊರಗೆ ಬಂದರೆ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು, ಒಳಗೆ ಬೆಚ್ಚಗೆ. ಡ್ರೈವರ್ ವಯಸ್ಸಾದವರು. ಬಾಗಿಲ ಬಳಿ ಟಾರ್ಚ್ ಹಿಡಿದು ಒಬ್ಬೊಬ್ಬರನ್ನೇ ಎಣಿಸುತ್ತಿದ್ದರು. ಪೂರ್ತಿ ಆಟ ರೇಡಿಯೋದಲ್ಲಿ ಕೇಳಿದ್ದಾರೆ! ನನ್ನ ಮುಖ ನೋಡಿ ಭುಜ ತಟ್ಟಿ ಒಳಗೆ ಕಳಿಸಿದರು. ಬ್ಯಾಗಿನಲ್ಲಿ ಪುಳಿಯೋಗರೆ ಡಬ್ಬಿ ಇತ್ತು. ತಣ್ಣಗಾಗಿದ್ದರೂ ರುಚಿ ಕೆಟ್ಟಿರಲಿಲ್ಲ. ಪಕ್ಕದ ಸೀಟಿನ ಹುಡುಗನೂ ಎರಡು ತುತ್ತು ತಿಂದ, ಕಡಲೆಬೀಜ ಹುಡುಕಿ ಹುಡುಕಿ. ದಾರಿಯಲ್ಲಿರುವ ಕಾಂಕಕೀ ಊರು ದಾಟುವಷ್ಟರಲ್ಲಿ ಇಡೀ ಬಸ್ಸು ನಿದ್ದೆ ಹೋಗಿತ್ತು. ರಾತ್ರಿ ಒಂದೂವರೆಯ ಮೇಲೆ ಶಾಂಪೇನ್.

ನಾನು ಸ್ಟೈಪೆಂಡಿನಲ್ಲಿ ಬದುಕುವವನು, ಆಟ ಮುಗಿಯದೆ ಎದ್ದು ಬರಲು ಮನಸ್ಸಾಗದವನು. ನನಗೆ ರಾತ್ರಿ ಆಟಕ್ಕೆ ಬಸ್ಸು, ಶನಿವಾರ ಭಾನುವಾರ ಮಧ್ಯಾಹ್ನದ ಆಟಕ್ಕೆ ರೈಲು. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಮಾತ್ರ ಕಾರು ತೆಗೆದುಕೊಳ್ಳಿ, ಚಳಿಯಲ್ಲಿ ಅವರನ್ನು ಸ್ಟೇಷನ್ನಿಂದ ಸ್ಟೇಷನ್ನಿಗೆ ನಡೆಸಬೇಡಿ. ಅವತ್ತು ಓಡಿಸುವವರಿಗೆ ಮರುದಿನ ಬೆಳಿಗ್ಗೆ ಕೆಲಸ ಇರಬಾರದು, ಅದನ್ನು ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ.